ಲುವಾಂಬೆಯ ಚರಂಡಿಗೆ ಮಣ್ಣು ಕೊಟ್ಟದ್ದು

ದೇವರು ಮನುಷ್ಯನಿಗೆ ಹೊಟ್ಟೆಯನ್ನು ಕೊಟ್ಟಾಗಲೇ ಚರಂಡಿಯ ಚಿಂತೆಯನ್ನೂ ಕೊಟ್ಟಿರಬೇಕು. ನಾವು ಮೊದಲನೆಯದಕ್ಕೆ ಕೈಮುಗಿದು, ಎರಡನೆಯದನ್ನು ನಗರಸಭೆಗೆ ಬಿಟ್ಟುಬಿಡುತ್ತೇವೆ. ಲುವಾಂಬೆಯಲ್ಲಿ ಹಾಗೆ ಊರೆಲ್ಲ ಬಿಟ್ಟ ಚಿಂತೆಯನ್ನು ಹೊತ್ತುಕೊಂಡಿದ್ದವರು ಕಟೇಬೆಯವರು. ನಗರಸಭೆಯ ಚರಂಡಿ ವಿಭಾಗಕ್ಕೆ ಮುಖ್ಯಸ್ಥರು, ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಸಭೆಯ ಹಿರಿಯರು. ಎರಡೂ ಕಡೆ ಕೆಲಸ ಒಂದೇ, ಜನ ಒಳಗೆ ಬಚ್ಚಿಟ್ಟದ್ದನ್ನು ಹೊರಗೆ ಸಾಗಿಸುವುದು ಎಂದು ಅವರ ಹೆಂಡತಿ ತಮಾಷೆ ಮಾಡುತ್ತಿದ್ದರು.

ಕಾಂಗೋ ಗಡಿಗೆ ಹತ್ತಿರ, ತಾಮ್ರದ ಗಣಿ ಕಟ್ಟಿದ ಊರು ಅದು. ಗಣಿಯ ಒಳ್ಳೆಯ ದಿನಗಳಲ್ಲಿ ಮನೆಯ ಬಲ್ಬು ಸುಟ್ಟರೂ ಗಣಿಯವರೇ ಬಂದು ಹಾಕಿಕೊಡುತ್ತಿದ್ದರು. ನೆಲದಡಿಯ ಕೊಳವೆಗಳೂ ಅವರವೇ. ಗಣಿ ಕೈ ಬದಲಾಯಿಸಿದಾಗ ಹೊಸ ಯಜಮಾನರು ತಾಮ್ರವನ್ನು ತಾವಿಟ್ಟುಕೊಂಡು ಚರಂಡಿಯನ್ನು ದೊಡ್ಡ ಮನಸ್ಸಿನಿಂದ ನಗರಸಭೆಗೆ ದಾನ ಮಾಡಿದರು. ಆಗಲೇ ಅದು ಹಲ್ಲುದುರಿದ ಮುದುಕಿಯಾಗಿತ್ತು. ಆಮೇಲೆ ಯಾರೂ ಅದರ ಆರೈಕೆ ಮಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ನಾಲ್ಕನೇ ಸೆಕ್ಷನ್ ಎಂಬ ಬಡಾವಣೆಯ ದೊಡ್ಡ ಕೊಳವೆ ನೆಲದೊಳಗೆ ಎಲ್ಲೋ ಕುಸಿದು, ಮಾರುಕಟ್ಟೆಯಲ್ಲಿ ಹೊಲಸು ಉಕ್ಕಿತು. ಮೇಲಿನ ಮಳೆ, ಒಳಗಿನ ಹೊಲಸು ಎರಡೂ ಕಲೆತು ಬಾವಿಗಳಿಗಿಳಿದವು. ಕಾಲರಾ ಬಂತು. ಕಟೇಬೆಯವರು ಹಗಲೆಲ್ಲ ಕುಸಿದ ಜಾಗ ಹುಡುಕುವುದು, ಸಂಜೆ ಸ್ಮಶಾನದಲ್ಲಿ ನಿಂತು ಪ್ರಾರ್ಥನೆ ಹೇಳುವುದು. ಶವಪೆಟ್ಟಿಗೆಗಳು ಚಿಕ್ಕವು. ಒಬ್ಬ ತಂದೆಯಂತೂ ಮಗಳ ಪೆಟ್ಟಿಗೆಯನ್ನು ಬಗಲಲ್ಲೇ ಎತ್ತಿಕೊಂಡು ಬಂದಿದ್ದ. ಅವತ್ತು ಕಟೇಬೆಯವರು ಮನಸ್ಸಿನಲ್ಲೇ ಬೇಡಿಕೊಂಡಿದ್ದರು: ಕರ್ತನೇ, ಇನ್ನೊಂದು ಮಳೆಗಾಲಕ್ಕೆ ಈ ಕೆಲಸವನ್ನು ನನ್ನಿಂದ ಮಾಡಿಸಬೇಡ.

ಕರ್ತನು ಕೇಳಿಸಿಕೊಂಡಂತೆಯೇ ಕಂಡಿತು. ಹೊರದೇಶದ ಸಂಸ್ಥೆಯೊಂದು ನೆರವು ಕೊಡಲು ಒಪ್ಪಿತು. ಹೊಸ ಕೊಳವೆಗಳು, ಸಿಮೆಂಟು ನಗರಸಭೆಯ ಅಂಗಳಕ್ಕೆ ಬಂದಿಳಿದವು. ಆದರೆ ಒಂದು ಕಟ್ಟು ಹಾಕಿದ್ದರು. ಸಲಹಾ ಎಂಜಿನಿಯರುಗಳನ್ನು ನೇಮಿಸಿಕೊಂಡು, ಅವರು ಪರೀಕ್ಷೆ ಮಾಡಿ ತೋರಿಸಿದ ಜಾಗದಲ್ಲೇ ಅಗೆಯಬೇಕು. ಅಲ್ಲಿಯವರೆಗೆ ಹಾರೆ ನೆಲ ಮುಟ್ಟಕೂಡದು. ಈ ಕಟ್ಟು ಅನ್ಯಾಯದ್ದೆಂದು ಕಟೇಬೆಯವರಿಗೂ ಅನ್ನಿಸಲಿಲ್ಲ. ಯಾಕೆಂದರೆ ಹಿಂದೆ ನಗರಸಭೆ ತನಗೆ ತೋಚಿದ ಕಡೆ ಅಗೆಯುತ್ತ ಹೋಗಿ, ಕೊನೆಗೆ ತನ್ನ ಮೆಟ್ಟಿಲ ಮುಂದೆಯೇ ಆಳೆತ್ತರದ ಗುಂಡಿ ತೋಡಿ, ಅಲ್ಲಿ ಕೊಳವೆಯೇ ಇಲ್ಲವೆಂದು ತಿಳಿದ ಮೇಲೆ ಅದನ್ನು ಮುಚ್ಚುವ ಉತ್ಸಾಹವನ್ನೂ ಕಳೆದುಕೊಂಡಿತ್ತು. ಜನ ಹಲಗೆ ಹಾಸಿಕೊಂಡು ಅದರ ಮೇಲೇ ಓಡಾಡುತ್ತಿದ್ದರು.

ಅರ್ಜಿಗಳು ಬಂದವು. ಸಮಿತಿ ಕೂತಿತು, ಓದಿತು, ಜಗಳವಾಡಿತು, ಚಹಾ ಕುಡಿಯಿತು, ರಾಜಧಾನಿ ಲುಸಾಕಾದ ಒಂದು ಎಂಜಿನಿಯರುಗಳ ಕಂಪನಿಯನ್ನು ಆರಿಸಿತು. ಇನ್ನು ಉಳಿದದ್ದು ಮೇಯರ್ ಕಬಾಸೊ ಅವರ ಸಹಿ ಒಂದೇ.

ಕಬಾಸೊ ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಆದರೆ ಪೆನ್ನನ್ನೂ ಮುಟ್ಟುತ್ತಿರಲಿಲ್ಲ. ಹಿಂದಿನ ಮೇಯರು ಬೀದಿದೀಪದ ಕಾಗದವೊಂದಕ್ಕೆ ಸಹಿ ಹಾಕಿ, ವಿಚಾರಣೆಗೆಂದು ಲುಸಾಕಾಗೆ ಅಲೆದಲೆದು ಕೋಟು ಜೋತುಬೀಳುವಷ್ಟು ಸೊರಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದಿನಿಂದ ಕಾಗದ ಕಂಡರೆ ಅವರ ಬಲಗೈಯೇ ನೋಯತೊಡಗುತ್ತಿತ್ತು.

"ಕಟೇಬೆಯವರೇ, ಈ ಕಾಗದದಲ್ಲಿ ಏನಾದ್ರೂ ತಪ್ಪಿದೆಯಾ?" ಎಂದು ಅವರು ಕೇಳಿದರು.

"ಒಂದೂ ಇಲ್ಲ ಸಾರ್."

"ಅದೇ ನಂಗೆ ಭಯ. ತಪ್ಪು ಕಾಣಿಸ್ತಾ ಇದ್ರೆ ಅದೆಲ್ಲಿದೆ ಅಂತಾದ್ರೂ ಗೊತ್ತಿರುತ್ತೆ. ಕಾಣಿಸದೇ ಇದ್ರೆ ಎಲ್ಲಿ ಬೇಕಾದ್ರೂ ಇರಬಹುದು. ಇರಲಿ, ಮುಂದಿನ ಸಭೆಗೆ ನೋಡೋಣ."

ಮುಂದಿನ ಸಭೆಗೂ ಮುಂದಿನ ಸಭೆಯೊಂದಿತ್ತು. ಆ ಕಡೆ ಮಳೆಗಾಲಕ್ಕೆ ಮುಂಚಿನ ಸುಡುಬೇಸಿಗೆಯಾದ ಅಕ್ಟೋಬರಿನ ಬಿಸಿಲು ತಾರು ಕರಗಿಸುತ್ತಿತ್ತು. ಮಾವಿನ ಮರಗಳಲ್ಲಿ ಕಾಯಿ ಬಲಿಯುತ್ತಿತ್ತು. ಕಟೇಬೆಯವರು ಸಂಜೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕಾಂಗೋ ಕಡೆಯ ಆಕಾಶವನ್ನು, ಸಾಲ ಕೊಟ್ಟವನು ಬರುವ ದಾರಿ ನೋಡುವವರ ಹಾಗೆ ನೋಡುತ್ತಿದ್ದರು. ಬೇರೆಯವರೆಲ್ಲ ಮಳೆ ಬರಲಿ ಎಂದು ಪ್ರಾರ್ಥಿಸುವಾಗ ಅವರೊಬ್ಬರು ಸ್ವಲ್ಪ ತಡೆ ಎಂದು ಪ್ರಾರ್ಥಿಸುತ್ತಿದ್ದರು. ದೇವರ ಬಳಿ ಹೀಗೆ ಊರಿಗೆ ವಿರುದ್ಧವಾದ ಅರ್ಜಿ ಹಾಕುವುದಕ್ಕೆ ಅವರಿಗೆ ನಾಚಿಕೆಯಾಗುತ್ತಿತ್ತು.

ಕಾದು ಕಾದು ಸಾಕಾಗಿ ಆ ಕಂಪನಿಯ ಎಂಜಿನಿಯರೇ ಒಂದು ದಿನ ಲುಸಾಕಾದಿಂದ ಬಸ್ಸು ಹತ್ತಿ ಬಂದ. ಶೊಂಗ್ವೆ ಎಂದು ಹೆಸರು. ದುಂಡಗಿನ ಆಳು, ಬೂದು ಬಣ್ಣದ ಸೂಟು, ಕೆಂಪು ಟೈ. ಕಟೇಬೆಯವರ ಕೋಣೆಯ ಬಾಗಿಲಲ್ಲಿ ನಿಂತು ಮೂಗಿಗೆ ಕರ್ಚೀಫು ಹಿಡಿದು ಕೇಳಿದ:

"ಇದೇ ಏನಪ್ಪಾ ಕೋತಿ ತಿನ್ನೋರ ಊರು? ಬಸ್ಸಿಂದ ಇಳೀತಿದ್ದ ಹಾಗೇ ಮೂಗು ದಾರಿ ತೋರಿಸ್ತು."

ಕಟೇಬೆಯವರು ನಿಧಾನವಾಗಿ ಕನ್ನಡಕ ತೆಗೆದರು. ಎಷ್ಟೋ ವಾರಗಳಿಂದ ಬಿಗಿದುಕೊಂಡಿದ್ದ ಮುಖ ಅರಳಿತು.

"ಅಯ್ಯಯ್ಯೋ! ಯಾರಾದ್ರೂ ಬಾಗಿಲು ಹಾಕ್ರಪ್ಪ! ಇಲಿ ತಿನ್ನೋನು ಬಂದ. ಗೋಡೆ ಸಂದೀಲಿರೋ ನಮ್ಮ ಇಲಿಗಳು ಗಂಟುಮೂಟೆ ಕಟ್ತಾ ಇರಬೇಕು."

"ನಿಮ್ಮೂರಿನ ಇಲಿ ಯಾರಿಗೆ ಬೇಕು ಭಾವ? ಈ ಚರಂಡಿ ನೀರು ಕುಡಿದು ಬೆಳೆದಿರೋದು. ನಮ್ಮ ಕಡೆ ಇಲಿ ಹೊಲದಲ್ಲಿ ಕಾಳು ತಿಂದಿರುತ್ತೆ, ಮರ್ಯಾದಸ್ಥ ಇಲಿ."

"ಮರ್ಯಾದಸ್ಥ ಅಂತೆ! ನಿಮ್ಮಜ್ಜಂದಿರು ನಮ್ಮ ಕೈಲಿ ಒದೆ ತಿಂದು ಓಡಿಹೋಗುವಾಗ ಈಟಿ ಬಿಟ್ಟು ಹೋದ್ರು, ಇಲಿ ಬುಟ್ಟಿ ಮಾತ್ರ ಬಿಡಲಿಲ್ಲ."

"ಓಡಿದೋರು ಯಾರು? ಮರ ಹತ್ತಿ ಕೂತೋರು ನೀವು. ಅಲ್ಲೇ ಅಲ್ವಾ ಕೋತಿ ರುಚಿ ಹತ್ತಿದ್ದು?"

ಇಬ್ಬರೂ ಒಬ್ಬರನ್ನೊಬ್ಬರು ಈ ಹಿಂದೆ ನೋಡಿಯೂ ಇರಲಿಲ್ಲ. ಆದರೆ ಹೆಸರು ಕೇಳಿದರೇ ಗೊತ್ತು, ಕಟೇಬೆಯವರು ಬೆಂಬಾ, ಶೊಂಗ್ವೆ ಎಂಗೋನಿ, ಅಷ್ಟು ಸಾಕು. ಯಾವುದೋ ಕಾಲದಲ್ಲಿ ಈ ಎರಡು ಬುಡಕಟ್ಟುಗಳ ನಡುವೆ ಯುದ್ಧವಾಗಿತ್ತು. ಕಾದಾಡಿ ಸುಸ್ತಾದ ಅಜ್ಜಂದಿರು ಈಟಿ ಕೆಳಗಿಟ್ಟು ನಾಲಿಗೆ ಎತ್ತಿಕೊಂಡರು. ಅಂದಿನಿಂದ ಬೆಂಬಾ ಎಂಬವರೆಲ್ಲ ಎಂಗೋನಿಗಳಿಗೆ ಭಾವಮೈದುನರು. ವಯಸ್ಸು, ಅಂತಸ್ತು ನೋಡುವಂತಿಲ್ಲ. ಏನು ಬೇಕಾದರೂ ಅನ್ನಬಹುದು. ಅನ್ನಿಸಿಕೊಂಡವನು ಮುಖ ಗಂಟಿಕ್ಕುವ ಹಾಗಿಲ್ಲ. ಗಂಟಿಕ್ಕಿದರೆ ಅವನ ಕುಲಕ್ಕೇ ಅವಮಾನ.

ಇಬ್ಬರೂ ಮೇಯರರ ಕೋಣೆಗೆ ಹೋದರು. ಕಬಾಸೊ ಆದರದಿಂದ ಕೂರಿಸಿದರು, ಚಹಾ ತರಿಸಿದರು, ಬನ್ನು ತರಿಸಿದರು, ಲುಸಾಕಾದಲ್ಲಿ ಸೆಖೆ ಹೇಗಿದೆ ಎಂದು ವಿಚಾರಿಸಿದರು. ಕಾಗದದ ಮಾತು ಬಂದ ಕೂಡಲೇ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳತೊಡಗಿದರು.

"ಒಂದು ಉಪಸಮಿತಿ ಮಾಡೋಣ ಅಂತಿದ್ದೀನಿ," ಎಂದರು. "ನಾನು ಸಹಿ ಹಾಕಬೇಕೋ ಬೇಡವೋ ಅಂತ ಅದು ತೀರ್ಮಾನ ಮಾಡ್ಲಿ."

"ಆ ಉಪಸಮಿತಿ ನೇಮಿಸೋ ಕಾಗದಕ್ಕೆ ಸಹಿ ಯಾರು ಹಾಕ್ತಾರೆ ಸಾರ್?" ಎಂದ ಶೊಂಗ್ವೆ ವಿನಯದಿಂದ.

ಮೇಯರು ಬೆರಳು ನೀವುವುದನ್ನು ನಿಲ್ಲಿಸಿದರು. "ನೋಡಿ, ಅದೂ ಒಂದು ತೊಡಕು," ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಬನ್ನು ಮುಂದೆ ಸರಿಸಿದರು.

ಹೊರಗೆ ಬಂದು ಇಬ್ಬರೂ ಮಾರುಕಟ್ಟೆಯ ಕಡೆ ನಡೆದರು. ಮ್ಯಾನ್‌ಹೋಲಿನ ಮುಚ್ಚಳ ಬಿಸಿಲಿನಲ್ಲೂ ಉಕ್ಕಿ, ಕಪ್ಪು ನೀರು ಟೊಮೆಟೊ ಗುಡ್ಡೆಗಳ ನಡುವೆ ಹರಿದು ಬಾವಿಯ ಕಡೆ ಹೊರಟಿತ್ತು. ಒಣಮೀನು ಮಾರುವ ಲೊಂಬೆಯವ್ವ ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ತನ್ನ ಬುಟ್ಟಿಯನ್ನು ಸಿಂಹಾಸನದ ಹಾಗೆ ಮೇಲೇರಿಸಿದ್ದಳು. ಊರಿಗೆಲ್ಲ ದೊಡ್ಡ ಬಾಯಿ, ಮೇಯರರಿಗೆ ಸ್ವಂತ ದೊಡ್ಡಮ್ಮ.

"ಬಂದ್ರಾ ಕಟೇಬೆಯವರೇ? ದಿನಾ ಬತ್ತೀರ, ನೋಡ್ತೀರ, ತಲೆ ಅಲ್ಲಾಡಿಸ್ತೀರ, ಹೋಯ್ತೀರ. ಡಾಕ್ಟರಾದ್ರೂ ಕೊನೆಗೆ 'ಪ್ರಾಣ ಹೋಯ್ತು' ಅಂತ ಒಂದು ಮಾತು ಹೇಳ್ತಾನೆ. ಈ ಚರಂಡಿ ಸತ್ತು ಎಷ್ಟು ದಿನಾ ಆಯ್ತು! ನಾರ್ತಾ ಐತೆ ಹೆಣ. ಹೂಳೋರು ದಿಕ್ಕಿಲ್ಲ."

"ಸಹಿ ಆಗ್ಬೇಕು ಲೊಂಬೆಯವ್ವ. ನಿನ್ನ ಮಗನ ಸಹಿ."

"ಅವನಾ? ಹುಟ್ಟಿದಾಗ ಅಳೋದಕ್ಕೂ ಮೂರು ಸಲ ಯೋಚನೆ ಮಾಡ್ದ ಕಣ್ರೀ. ಸೂಲಗಿತ್ತಿ ಹೊಡೆದ ಮೇಲೇ ಬಾಯಿ ಬಿಟ್ಟಿದ್ದು."

ಶೊಂಗ್ವೆ ನಗಲಿಲ್ಲ. ಬಾವಿಯ ಕಡೆ ಹೊರಟಿದ್ದ ಕಪ್ಪು ನೀರನ್ನೂ, ಬಿಂದಿಗೆ ಹಿಡಿದು ಸಾಲು ನಿಂತವರನ್ನೂ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಬೆಂಬಾ ಮನೇಲಿ ಸಾವಾದ್ರೆ ಗುಂಡಿ ತೋಡಿ ಮಣ್ಣು ಮಾಡೋರು ಯಾರವ್ವ?"

"ಇನ್ಯಾರು, ನೀವೇ. ಇಲಿ ತಿನ್ನೋರು."

"ಸರಿ ಹಾಗಾದ್ರೆ," ಎಂದು ಅವನು ಟೈ ಸರಿಮಾಡಿಕೊಂಡ.

ಕಟೇಬೆಯವರು ಅದನ್ನು ಭಾವನ ಇನ್ನೊಂದು ತಮಾಷೆ ಎಂದುಕೊಂಡು ಮನೆಗೆ ಹೋಗಿ ಮುದ್ದೆ ಉಂಡು ಮಲಗಿದರು.

ಬೆಳಿಗ್ಗೆ ಕಚೇರಿಗೆ ಬಂದರೆ ಮೆಟ್ಟಿಲ ಮುಂದೆ ಜನವೋ ಜನ. ಗುಂಡಿಯ ಮೇಲಿನ ಹಲಗೆಗಳನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಿದ್ದರು. ಇಣುಕಿ ನೋಡಿದರೆ, ತಳದಲ್ಲಿ ಚಾಪೆ ಹಾಸಿಕೊಂಡು, ಸೂಟು ಟೈ ಸಮೇತ, ಟೋಪಿಯನ್ನು ಎದೆಯ ಮೇಲಿಟ್ಟುಕೊಂಡು ಶೊಂಗ್ವೆ ಅಂಗಾತ ಮಲಗಿದ್ದ.

"ಭಾವ! ಬಿದ್ದುಬಿಟ್ಯಾ?"

"ಬೀಳೋದು ಮರ ಹತ್ತೋರು. ನಾನು ಇಳಿದಿದ್ದೀನಿ," ಎಂದ ಶೊಂಗ್ವೆ ಗಂಭೀರವಾಗಿ. ಆಮೇಲೆ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದ: "ಬೆಂಬಾ ಜನರ ಮನೇಲಿ ಸಾವಾಗಿದೆ! ಲುವಾಂಬೆಯ ಮುದಿ ಚರಂಡಿ ತೀರಿಕೊಂಡಿದ್ದಾಳೆ! ಭಾವನಾದವನು ಮಣ್ಣು ಕೊಡೋಕೆ ಬಂದಿದ್ದೀನಿ. ಮನೆ ಯಜಮಾನ ಬಂದು ನನ್ನ ಪಾಲು ಕೊಡೋವರೆಗೂ ಏಳಲ್ಲ!"

ನೆರೆದವರ ಮುಖದಲ್ಲಿ ಅರ್ಥ ಹರಡುತ್ತ ಹೋದಂತೆ ನಗು ಹರಡಿತು. ಈ ಪದ್ಧತಿ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಬೆಂಬಾ ಮನೆಯಲ್ಲಿ ಸಾವಾದರೆ ಎಂಗೋನಿ ಭಾವಂದಿರು ಬಂದು ಗುಂಡಿ ತೋಡುತ್ತಾರೆ. ಅಳುವವರನ್ನು ಅಣಕಿಸಿ ನಗಿಸುತ್ತಾರೆ, ಸತ್ತವನು ತಮಗೆ ಕೋಳಿ ಕೊಡಬೇಕಿತ್ತೆಂದು ಸುಳ್ಳು ಹೇಳುತ್ತಾರೆ. ಕೆಲವೊಮ್ಮೆ, ಪೆಟ್ಟಿಗೆ ಇಳಿಸುವ ಹೊತ್ತಿಗೆ, ಒಬ್ಬ ಗುಂಡಿಯೊಳಗೇ ಮಲಗಿಬಿಡುತ್ತಾನೆ. ಮನೆಯವರು ಅವನು ಕೇಳಿದ್ದು ಕೊಡಬೇಕು, ಆಗಲೇ ಮೇಲೇಳುವುದು. ದುಃಖದಲ್ಲಿ ಮುಳುಗಿದವರನ್ನು ಎಳೆದು ದಡಕ್ಕೆ ಹಾಕಲು ಹಿರಿಯರು ಕಂಡುಕೊಂಡ ದಾರಿ ಅದು. ಅವನನ್ನು ಬಲವಂತವಾಗಿ ಎಬ್ಬಿಸಿದ ಬೆಂಬಾ ಇನ್ನೂ ಹುಟ್ಟಿಲ್ಲ.

ಕಟೇಬೆಯವರಿಗೆ ನಗು ಬರಲಿಲ್ಲ. ಅವರು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳಿದರು: "ಏಳು ಭಾವ. ಹೋದ ವರ್ಷ ಇಂಥ ಗುಂಡಿಗಳ ಮುಂದೆ ಬಹಳ ನಿಂತಿದ್ದೀನಿ. ಇದು ಆಟದ ವಿಷಯ ಅಲ್ಲ."

ಶೊಂಗ್ವೆಯೂ ದನಿ ತಗ್ಗಿಸಿದ. "ಗೊತ್ತು. ನಿನ್ನೆ ಆ ಬಾವಿ ನೋಡ್ದೆ. ಹೋದ ವರ್ಷ ನೀನು ಮಕ್ಕಳಿಗೆ ಮಣ್ಣು ಕೊಟ್ಟೆ. ಈ ವರ್ಷ ಚರಂಡಿಗೆ ಕೊಡೋಣ. ಯಾವುದು ವಾಸಿ, ನೀನೇ ಹೇಳು."

ಕಟೇಬೆಯವರು ಎದ್ದು ನಿಂತು ತಲೆಯಿಂದ ಟೋಪಿ ತೆಗೆದರು. ಸಾವಿನ ಮನೆಯಲ್ಲಿ ಹತ್ತಿರದವರು ಮೊದಲು ಮಾಡುವುದು ಅದನ್ನೇ.

ಅಷ್ಟು ಸಾಕಾಯಿತು. ಲೊಂಬೆಯವ್ವ ಸೊಂಟಕ್ಕೆ ಬಟ್ಟೆ ಬಿಗಿದು, ಮಾರುಕಟ್ಟೆಯ ಹೆಂಗಸರನ್ನೆಲ್ಲ ಕರೆತಂದು ಗುಂಡಿಯ ಸುತ್ತ ಕೂರಿಸಿ ರಾಗ ತೆಗೆದಳು:

"ಅಯ್ಯೋ ನನ್ನವ್ವ! ನಾವು ತಿಂದದ್ದನ್ನೆಲ್ಲಾ ಹೊತ್ಕಂಡು ಹೋದ್ಯಲ್ಲೇ! ಯಾರ ಮನೇದು ಯಾವ್ದು ಅಂತ ಒಬ್ಬರ ಹತ್ರಾನೂ ಬಾಯಿ ಬಿಡಲಿಲ್ವಲ್ಲೇ! ನಿನ್ನಂಥ ಗುಟ್ಟಿನವಳು ಇನ್ನೆಲ್ಲಿ ಸಿಗ್ತಾಳೆ!"

ಹೆಂಗಸರು ದನಿಗೂಡಿಸಿದರು. ಗದ್ದಲಕ್ಕೆ ಮೇಯರ್ ಕಬಾಸೊ ಮೆಟ್ಟಿಲ ಮೇಲೆ ಬಂದು ನಿಂತರು. ನೋಡಿದರು. ಬಲಗೈಯನ್ನು ಜೇಬಿನೊಳಗೆ ಅಡಗಿಸಿದರು.

"ಏನಿದು? ಪೊಲೀಸರನ್ನ ಕರೀರಿ!"

ಪೊಲೀಸು ಠಾಣೆ ಎದುರಿಗೇ ಇತ್ತು. ಸಾರ್ಜೆಂಟ್ ತೆಂಬೊ ಲಾಠಿ ಹಿಡಿದು, ಜನರನ್ನು ಸರಿಸಿಕೊಂಡು ಬಂದ. ಬೆನ್ನು ಬಗ್ಗಿಸಿ ಗುಂಡಿಯೊಳಗೆ ನೋಡಿದ.

"ಏಯ್, ಯಾರ ಮನೆ ಸಾವು ಇದು?"

"ಬೆಂಬಾದೋರದ್ದು," ಎಂದ ಶೊಂಗ್ವೆ ಮಲಗಿದಲ್ಲಿಂದಲೇ. "ನೀನು ಯಾವ ಕಡೆಯೋನು?"

"ಚಿಪಾಟಾ ಕಡೆಯೋನು. ಎಂಗೋನಿ."

"ಹಾಗಿದ್ರೆ ಹೊರಗೆ ಯಾಕೆ ನಿಂತಿದ್ದೀಯ?"

ಸಾರ್ಜೆಂಟ್ ತೆಂಬೊ ಸ್ವಲ್ಪ ಹೊತ್ತು ಕರ್ತವ್ಯದ ಬಗ್ಗೆ ಯೋಚಿಸಿದ. ಆಮೇಲೆ ಕ್ಯಾಪು ತೆಗೆದು ಲೊಂಬೆಯವ್ವನ ಕೈಗೆ ಕೊಟ್ಟ. ಬೂಟು ಬಿಚ್ಚಿ ಜೋಡಿಸಿ ಮೆಟ್ಟಿಲ ಮೇಲಿಟ್ಟ. "ಸರ್ಕಾರದ ಬೂಟು, ಕೊಳೆ ಆಗಬಾರದು," ಎಂದು ಮೇಯರರಿಗೆ ಒಂದು ಸಲ್ಯೂಟ್ ಹೊಡೆದು ಗುಂಡಿಗಿಳಿದ. "ಸ್ವಲ್ಪ ಸರಕೋ ಅಣ್ಣ."

ಅಂಗಳವೆಲ್ಲ ಕೇಕೆ ಹಾಕಿತು. ಕಬಾಸೊ ಬೆವರು ಒರೆಸಿಕೊಂಡರು.

"ಕೇಳಿ, ಎಲ್ಲರೂ ಕೇಳಿ!" ಎಂದು ಕೂಗಿದರು. "ಈ ಭಾವಮೈದುನದ ಸಂಬಂಧ ನಂಗೆ ಅಂಟಲ್ಲ. ನಾನು ಬೆಂಬಾನೇ ಅಲ್ಲ. ನಮ್ಮಮ್ಮನ ಕಡೆಯೋರು ಲುಂಡಾ ಜನ. ನಮ್ಮಲ್ಲಿ ಕುಲ ಬರೋದು ತಾಯಿಂದ ಅಲ್ವಾ? ಹಾಗಾಗಿ ನಾನು ಲುಂಡಾ."

ಲೊಂಬೆಯವ್ವ ಎದ್ದು ನಿಂತಳು. ಪೊಲೀಸು ಕ್ಯಾಪನ್ನು ಆಗಲೇ ತಲೆಯ ಮೇಲಿಟ್ಟುಕೊಂಡಿದ್ದಳು.

"ಏನಂದೆ ಮಗನೇ? ನಿನ್ನವ್ವ ನನ್ನ ಬೆನ್ನಿಗೆ ಬಿದ್ದ ತಂಗಿ. ಒಂದೇ ಮೊಲೆ ಹಾಲು ಕುಡಿದೋರು ನಾವು. ಅವಳು ಲುಂಡಾ ಆಗಿದ್ದು ಯಾವಾಗ? ಮಾತು ಮುಗಿಯೋ ಮುಂಚೆ ನಾನೂ ಲುಂಡಾ ಆಗ್ಬಿಟ್ನಾ? ವೋಟು ಕೇಳಕ್ಕೆ ಬಂದಾಗ ನನ್ನ ಮೀನಿನ ಬುಟ್ಟಿ ಮುಂದೆ ನಿಂತ್ಕಂಡು 'ನಾನು ಮೊಸಳೆ ಕುಲದೋನು, ಅಪ್ಪಟ ಬೆಂಬಾ' ಅಂತ ಎದೆ ತಟ್ಕಂಡ್ಯಲ್ಲ, ಆ ಮೊಸಳೆ ಎಲ್ಲಿಗೆ ಹೋಯ್ತು? ಚರಂಡೀಲಿ ಕೊಚ್ಕಂಡು ಹೋಯ್ತಾ?"

"ದೊಡ್ಡಮ್ಮ, ಎಲ್ಲರ ಮುಂದೆ..."

"ಎಲ್ಲರ ಮುಂದೆ ತಾಯಿ ಬದಲಾಯ್ಸಿದ್ದು ನೀನು. ಇಳ್ಕಂಡು ಬಾ!"

ಮೇಯರು ಮೆಟ್ಟಿಲಿಳಿದು ಬಂದರು. ಗುಂಡಿಯ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಕಟೇಬೆಯವರು. ಕೆಳಗಿನಿಂದ ಶೊಂಗ್ವೆ ಹೇಳಿದ: "ಮೊದಲು ಪ್ರಾರ್ಥನೆ ಆಗ್ಲಿ. ಸಭೆ ಹಿರಿಯರು ಇದ್ದಾರಲ್ಲ."

ಕಟೇಬೆಯವರು ತಡವರಿಸಿದರು. ಹೊಲಸಿನ ಕೊಳವೆಗಾಗಿ ದೇವರ ಹೆಸರೆತ್ತಬಹುದೇ? ಇಷ್ಟು ವರ್ಷ ಬೈಬಲ್ ಓದಿದರೂ ಈ ಪ್ರಶ್ನೆಗೆ ಉತ್ತರ ಸಿಕ್ಕ ನೆನಪಿರಲಿಲ್ಲ. ಆದರೆ ಕಣ್ಣು ಮುಚ್ಚಿದಾಗ ಮಾತು ತಾನಾಗಿಯೇ ಬಂತು.

"ಕರ್ತನೇ," ಎಂದರು. "ನಮ್ಮ ಕಣ್ಣಿಗೆ ಬೀಳದೆ ಕೆಲಸ ಮಾಡೋರನ್ನ ನಾವು ನೆನೆಯೋದಿಲ್ಲ. ಈ ಕೊಳವೆಗಳು ಬಡವರ ಮನೇದು, ಮೇಯರ ಮನೇದು ಅಂತ ಭೇದ ಮಾಡದೆ ಎಲ್ಲಾನೂ ಹೊತ್ತುಕೊಂಡು ಹೋದವು. ನಾವು ನಮ್ಮ ಹೊಲಸು ಮರೆತುಬಿಡೋ ಹಾಗೆ ಮಾಡಿದ್ದು ಇವೇ. ಮರೆತ ನಾವು ಇವನ್ನೂ ಮರೆತ್ವಿ. ಅದಕ್ಕೆ ನಮ್ಮ ಮಕ್ಕಳು ಬೆಲೆ ಕೊಟ್ಟರು. ಆ ಮಕ್ಕಳು ನಿನ್ನ ಹತ್ರ ಇದ್ದಾರೆ. ಉಳಿದೋರನ್ನ ನಮ್ಮ ಹತ್ರಾನೇ ಬಿಡು. ಇಷ್ಟೇ. ಆಮೆನ್."

ಆಮೆನ್ ಎಂದದ್ದು ಇಡೀ ಅಂಗಳ. ಯಾರೂ ನಗಲಿಲ್ಲ. ಒಂದು ಕ್ಷಣ ಬಾವಿಯ ರಾಟೆ ಕಿರುಗುಟ್ಟುವುದು ಅಲ್ಲಿಯವರೆಗೂ ಕೇಳಿಸಿದಂತಾಯಿತು. ಆಮೇಲೆ ಗುಂಡಿಯೊಳಗಿಂದ ಸಾರ್ಜೆಂಟ್ ತೆಂಬೊನ ದನಿ ಬಂತು: "ಪ್ರಾರ್ಥನೆ ಚೆನ್ನಾಗಿತ್ತು. ಆದ್ರೂ ನಾವು ಏಳಲ್ಲ."

ಮೇಯರ್ ಕಬಾಸೊ ಗುಂಡಿ ಬಳಸಿ ಬಂದು ಕಟೇಬೆಯವರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ಅವರ ಮುಖದಲ್ಲಿ ಈವರೆಗೆ ಯಾರೂ ಕಾಣದಿದ್ದ ಒಂದು ಬೆಳಕು ಮಿನುಗುತ್ತಿತ್ತು.

"ಕಟೇಬೆಯವರೇ, ಒಂದು ಅನುಮಾನ. ಸಾವಿನ ಮನೇಲಿ ಭಾವ ಏನಾದ್ರೂ ಕೇಳಿ ತಗೊಂಡ್ರೆ, ಆಮೇಲೆ ಯಾಕೆ ಕೊಟ್ಟೆ ಅಂತ ಯಾರಾದ್ರೂ ಕೇಳ್ತಾರಾ?"

ಕಟೇಬೆಯವರು ಸುಳ್ಳು ಹೇಳುವವರಲ್ಲ. "ಸಾರ್, ಕಾನೂನಿಗೆ ಸಹಿ ನಿಮ್ಮದೇ. ಕಾಗದ ಸರಿಯಾಗಿದೆ, ಸಮಿತಿ ನ್ಯಾಯವಾಗೇ ಆರಿಸಿದೆ. ಯಾರು ಕೇಳಿದ್ರೂ ನಾನು ಬಂದು ಪಕ್ಕದಲ್ಲಿ ನಿಂತು ಹೇಳ್ತೀನಿ. ಭಾವಂದಿರ ವಿಷಯಕ್ಕೆ ಬಂದ್ರೆ, ಗುಂಡಿ ಅಂಚಲ್ಲಿ ಕೊಟ್ಟಿದ್ದಕ್ಕೆ ನಮ್ಮೋರು ಯಾರೂ ಯಾವತ್ತೂ ಲೆಕ್ಕ ಕೇಳಿಲ್ಲ."

ಮೇಯರರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

"ಅಂದ್ರೆ ನಾನು ಕೊಟ್ಟಿದ್ದಲ್ಲ. ಕಿತ್ಕೊಂಡಿದ್ದು. ಇಷ್ಟು ಜನ ನೋಡಿದ್ದಾರೆ. ಪೊಲೀಸೇ ಗುಂಡೀಲಿದ್ದ," ಎಂದು ತಮ್ಮೊಳಗೇ ಎಣಿಸಿಕೊಂಡರು. ಆಮೇಲೆ ಗುಂಡಿಯ ಅಂಚಿಗೆ ಹೋಗಿ, ಎದೆಯುಬ್ಬಿಸಿ, ಊರಿಗೆಲ್ಲ ಕೇಳುವಂತೆ ಗರ್ಜಿಸಿದರು: "ಲೋ ಇಲಿ ತಿನ್ನೋರೇ! ಏನ್ರೋ ಬೇಕು ನಿಮಗೆ? ಅಪ್ಪಟ ಬೆಂಬಾ ಕೇಳ್ತಿದ್ದೀನಿ!"

"ಸಹಿ!" ಎಂದವು ಒಳಗಿನ ಎರಡು ದನಿಗಳು.

ಕಾಗದ ಬಂತು. ಒತ್ತಿಗೆ ಏನೂ ಇರಲಿಲ್ಲವಾಗಿ ತೆಂಬೊ ಮೇಲೆ ಹತ್ತಿ ಬಂದು ಬೆನ್ನು ಬಾಗಿಸಿದ. ಸರ್ಕಾರದ ಅಂಗಿಯ ಮೇಲೆ ಕಾಗದವಿಟ್ಟು ಮೇಯರ್ ಕಬಾಸೊ ಸಹಿ ಹಾಕಿದರು. ಒಂದು ಸಲ ಹಾಕಿದ ಮೇಲೆ ಕೈಗೆ ರುಚಿ ಹತ್ತಿತು. ಪ್ರತಿ ಪುಟಕ್ಕೂ ಹಾಕಿದರು, ಬೇಡದ ಕಡೆಯೂ ಹಾಕಿದರು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದಿಂದ ಉಲುಲು ಎಂದು ಕೂಗಿದರು. ಶೊಂಗ್ವೆ ಮೇಲೆ ಬಂದು ಸೂಟಿನ ಮಣ್ಣು ಕೊಡವಿಕೊಳ್ಳುತ್ತ, "ಪಾಪ, ಒಳ್ಳೆ ಚರಂಡಿ. ಕೋತಿ ಮೂಳೆ ಸಿಕ್ಕಿಕೊಂಡು ಸತ್ತಳು," ಎಂದು ಸಂತಾಪ ಸೂಚಿಸಿದ.

ಆಮೇಲಿನ ಕೆಲಸವನ್ನು ಅವನ ಕಂಪನಿಯವರು ಚೊಕ್ಕಟವಾಗಿ ಮಾಡಿದರು. ಗಾಲಿಯ ಮೇಲೆ ಓಡುವ ಪುಟ್ಟ ಕ್ಯಾಮೆರಾವನ್ನು ಕೊಳವೆಯೊಳಗೆ ಬಿಟ್ಟು, ಪರದೆಯ ಮೇಲೆ ನೋಡುತ್ತ ಹೋದರು. ಕಟೇಬೆಯವರು ಕಳೆದ ವರ್ಷವೆಲ್ಲ ಮಾರುಕಟ್ಟೆಯ ಕೆಳಗೆ ಇದೆ ಎಂದು ನಂಬಿ ಹುಡುಕಿದ್ದ ಕುಸಿತ ಇದ್ದದ್ದು ಅಲ್ಲಿಂದ ಬಹಳ ದೂರ, ಇಳಿಜಾರಿನ ಬಿಯರ್ ಅಂಗಡಿಯ ಅಂಗಳದ ಮಾವಿನ ಮರದಡಿ. ಬೇರುಗಳು ಕೊಳವೆಯನ್ನು ಅಪ್ಪಿ ಹಿಂಡಿದ್ದವು. ಬಿಯರ್ ಕುಡಿಯುವವರು ಮಗ್ಗು ಹಿಡಿದುಕೊಂಡೇ ಎದ್ದು ಜಾಗ ಬಿಟ್ಟರು, ಕೆಲವರು ಎರಡು ಗುದ್ದಲಿ ಮಣ್ಣನ್ನೂ ತೆಗೆದರು. ಹೊಸ ಕೊಳವೆ ಇಳಿಯಿತು. ಅದಕ್ಕೆ ಹಾಕಿದ ಸಿಮೆಂಟು ಒಣಗುತ್ತಿದ್ದ ಹಾಗೇ ಕಾಂಗೋ ಕಡೆಯ ಆಕಾಶ ಕಪ್ಪಾಯಿತು.

ಮಧ್ಯಾಹ್ನ ಮಳೆ ಬಂತು. ಹನಿ ಎಂದು ಬರಲಿಲ್ಲ, ಒಮ್ಮೆಲೇ ಬಂತು. ಕಟೇಬೆಯವರು ಊಟದ ತಟ್ಟೆ ಬಿಟ್ಟೆದ್ದು, ಕೊಡೆಯನ್ನೂ ಮರೆತು ನಾಲ್ಕನೇ ಸೆಕ್ಷನ್ನಿಗೆ ಓಡಿದರು. ಅವರ ವಯಸ್ಸಿನವರು ಓಡುವುದನ್ನು ಆ ಬೀದಿ ನೋಡಿರಲಿಲ್ಲ. ಮಾರುಕಟ್ಟೆಯ ಹೆಂಗಸರೆಲ್ಲ ಮ್ಯಾನ್‌ಹೋಲಿನ ಸುತ್ತ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು ನಿಂತಿದ್ದರು. ಬೀದಿಯ ನೀರೆಲ್ಲ ಕೆಂಪಗೆ ಅಲ್ಲಿಗೇ ಹರಿದು ಬರುತ್ತಿತ್ತು. ಮುಚ್ಚಳದ ತೂತಿನಲ್ಲಿ ನೀರು ಮೇಲೇರಿತು, ಅಂಚಿನವರೆಗೆ ಬಂತು, ಅಲ್ಲೇ ನಿಂತು ನಡುಗಿತು. ಕಟೇಬೆಯವರ ತುಟಿ ಅಲ್ಲಾಡುತ್ತಿತ್ತು.

ಒಳಗೆಲ್ಲೋ ದೂರದಲ್ಲಿ ಯಾರೋ ದೊಡ್ಡ ಗುಟುಕು ನುಂಗಿದಂತೆ ಸದ್ದಾಯಿತು. ನೀರು ಗಿರ್ರನೆ ತಿರುಗಿ ಕೆಳಗಿಳಿಯಿತು. ಹಿಂದೆ ಬಂದ ನೀರೂ ಇಳಿಯಿತು, ಅದರ ಹಿಂದಿನದೂ.

ಲೊಂಬೆಯವ್ವ ಕೆಸರಿನಲ್ಲೇ ಮಂಡಿಯೂರಿ ಮುಚ್ಚಳಕ್ಕೆ ಕಿವಿಯಿಟ್ಟಳು. "ಹೋಯ್ತಾ ಐತೆ," ಎಂದಳು. "ಹೋಯ್ತಾನೇ ಐತೆ ಕಣ್ರೇ."

ಕಟೇಬೆಯವರು ಬಾವಿಯ ಕಡೆ ನೋಡಿದರು. ಅದರ ಕಟ್ಟೆಯ ಸುತ್ತ ಸ್ವಚ್ಛ ಮಳೆನೀರು ಬಿಟ್ಟರೆ ಏನೂ ಇರಲಿಲ್ಲ. ಅವರು ಮಳೆಯಲ್ಲಿ ಹಾಗೇ ನಿಂತುಬಿಟ್ಟರು. ಪಕ್ಕದಲ್ಲಿ ಬಂದು ನಿಂತ ಶೊಂಗ್ವೆ, ತೊಯ್ದು ತೊಪ್ಪೆಯಾದ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೆನೆದ ನಿನ್ನ ಮುಖ ನೋಡಿದ ಮೇಲೆ ಗೊತ್ತಾಯ್ತು ಭಾವ. ನೀವು ಕೋತಿ ತಿನ್ನೋದಲ್ಲ. ಸಂಬಂಧಿಕರನ್ನೇ ತಿನ್ನೋದು."

ಬೆಂಬಾ ಆದವನು ಇಂಥದ್ದಕ್ಕೆ ಉತ್ತರ ಕೊಡದೆ ಬಿಡಬಾರದು. ಕಟೇಬೆಯವರು ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಖದ ಮೇಲೆ ಇಳಿಯುತ್ತಿದ್ದುದು ಮಳೆಯೋ ಏನೋ ಒರೆಸಿಕೊಳ್ಳದೆ ಅಂದರು:

"ನಾಳೆ ಬಾ. ನಾಳೆ ಬೈತೀನಿ."